ಒಲ್ಲೆನೆಂದ ಅಧ್ಯಕ್ಷಗಿರಿ

ಮನುಷ್ಯನಿಗೆ ಭಾವಮೈದುನ ಇರಬಾರದು. ಇದ್ದರೂ ಚುನಾವಣೆಯ ದಿನ ಬೆಳಗ್ಗೆ ಮನೆಗೆ ಬರಬಾರದು. ಗಂಟಿನ ವಕೀಲರ ಭಾವಮೈದುನ ಬಂದ. ಬಂದವನು ಕಾಫಿ ಕುಡಿದು ತೆಪ್ಪಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ವಕೀಲರಿಗೆ ಆ ಹೆಸರು ಬಂದದ್ದು ಅವರ ಕಸುಬಿನಿಂದ. ಚರ್ಚಿನ ನ್ಯಾಯಾಲಯಕ್ಕೆ ಯಾರಾದರೂ ಬಂದು 'ನಮ್ಮ ಮದುವೆ ಮದುವೆಯೇ ಅಲ್ಲ, ಹಾಗಂತ ತೀರ್ಪು ಕೊಡಿ' ಎಂದು ಅರ್ಜಿ ಹಾಕಿದರೆ, 'ಇಲ್ಲ, ಗಂಟು ಗಟ್ಟಿಯಾಗಿದೆ' ಎಂದು ವಾದಿಸುವುದಕ್ಕೆ ಒಬ್ಬರು ಇರಲೇಬೇಕು. ಅವರೇ ಇವರು. ಗಂಡ ಬೇಡ ಎಂದರೂ, ಹೆಂಡತಿ ಬೇಡ ಎಂದರೂ, ಎರಡೂ ಕಡೆಯ ಬೀಗರು ಬೇಡ ಎಂದರೂ ಇವರೊಬ್ಬರು ಬೇಕು ಎನ್ನಬೇಕು. ಇಪ್ಪತ್ತಾರು ವರ್ಷ ಹೀಗೆ ಬೇರೆಯವರ ಸಂಸಾರ ಕಾಯ್ದು ಅವರ ಹುಬ್ಬು ಸದಾ ಗಂಟುಹಾಕಿಕೊಂಡೇ ಇರುತ್ತಿತ್ತು.

ಚರ್ಚಿನ ಕಾನೂನು ಬಲ್ಲವರೆಲ್ಲ ಸೇರಿ ಕಟ್ಟಿಕೊಂಡ ಪರಿಷತ್ತೊಂದಿತ್ತು. ಪಾದ್ರಿಗಳು, ವಕೀಲರು, ಕಾನೂನು ಕಲಿಸುವ ಒಬ್ಬ ಸಿಸ್ಟರ್, ಎಲ್ಲ ಸೇರಿ ಇಪ್ಪತ್ತಮೂರು ಜನ. ಹತ್ತೊಂಬತ್ತು ವರ್ಷದಿಂದ ಗಂಟಿನ ವಕೀಲರೇ ಅದರ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಸಭೆಯ ಬಾಗಿಲು ತೆಗೆಯುವವನು, ಕುರ್ಚಿ ಹಾಕುವವನು, ನಡಾವಳಿ ಬರೆಯುವವನು, ಕೊನೆಗೆ ಫ್ಯಾನ್ ಆರಿಸಿ ಬೀಗ ಹಾಕುವವನು. ಅಧ್ಯಕ್ಷರು ಐದು ಜನ ಬಂದು ಹೋದರು. ನಿಯಮಾವಳಿಯಲ್ಲಿ ಯಾವ ಕಲಂ ಯಾವ ಪುಟದಲ್ಲಿದೆ ಎಂದು ಐವರಿಗೂ ಬೆರಳಿಟ್ಟು ತೋರಿಸಿದವರು ಇವರು. ಗಟ್ಟಿಯಾಗಿ ಓದಿ ಭೇಷ್ ಎನ್ನಿಸಿಕೊಂಡವರು ಅವರು. ಒಂದೇ ಒಂದು ಸಲ ಆ ಎತ್ತರದ ಕುರ್ಚಿಯಲ್ಲಿ ಕೂರಬೇಕು ಎನ್ನುವ ಆಸೆ ವಕೀಲರಿಗೆ ಹೊಟ್ಟೆಹುಣ್ಣಿನ ಹಾಗೆ ಅಂಟಿಕೊಂಡಿತ್ತು. ಅರವತ್ತೈದು ತುಂಬಿದವರು ಅಧ್ಯಕ್ಷರಾಗುವಂತಿಲ್ಲ. ವಕೀಲರಿಗೆ ಮುಂದಿನ ತಿಂಗಳು ಅರವತ್ತೈದು ತುಂಬುತ್ತಿತ್ತು. ಇವತ್ತು ತಪ್ಪಿದರೆ ಮುಗಿಯಿತು.

ಅಡ್ಡ ನಿಂತದ್ದು ಹದಿನಾಲ್ಕನೇ ಕಲಂ. 'ಅಧ್ಯಕ್ಷ ಸ್ಥಾನಕ್ಕಾಗಿ ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ಮತ ಕೇಳಿದವರು ಆ ಸ್ಥಾನಕ್ಕೆ ಅನರ್ಹರು.' ಬರೆದವರು ಯಾರು? ಇವರೇ. ಆರು ವರ್ಷದ ಹಿಂದೆ ಒಬ್ಬ ಉತ್ಸಾಹಿ ಮನೆಮನೆಗೆ ಹೋಗಿ ಕೈಕುಲುಕುವುದನ್ನು ನೋಡಿ ಹೊಟ್ಟೆಯುರಿದು ಬರೆದದ್ದು. ಅಲ್ಲಿಂದ ಪರಿಷತ್ತಿನಲ್ಲಿ ಅಭ್ಯರ್ಥಿಗಳೇ ಇಲ್ಲ. ಪ್ರತಿಯೊಬ್ಬರೂ ಚೀಟಿಯಲ್ಲಿ ತಮಗೆ ತೋಚಿದ ಹೆಸರು ಬರೆಯಬೇಕು, ಹೆಚ್ಚು ಚೀಟಿ ಬಂದವರು ಅಧ್ಯಕ್ಷರು.

"ಮತ ಕೇಳಬಾರದು ಅಂತ ತಾನೇ ಭಾವ ಇರೋದು?" ಎಂದ ಭಾವಮೈದುನ, ಕಾಲಮೇಲೆ ಕಾಲು ಹಾಕಿಕೊಂಡು. "ಬೇಡ ಅನ್ನಬಾರದು ಅಂತ ಎಲ್ಲಿದೆ?"

"ಬೇಡ ಅಂದ್ರೆ ಯಾರು ಕೊಡ್ತಾರೋ?"

"ಬೇಡ ಅನ್ನೋರಿಗೇ ಕೊಡೋದು! ಬೇಕು ಅಂದೋನಿಗೆ ಈ ಪ್ರಪಂಚದಲ್ಲಿ ಯಾರಾದ್ರೂ ಏನಾದ್ರೂ ಕೊಟ್ಟಿದ್ದಾರಾ? ನೀವು ಒಬ್ಬೊಬ್ಬರ ಹತ್ರಾನೂ ಹೋಗಿ, 'ನನ್ನ ಹೆಸರು ಕೇಳಿಬರ್ತಿದೆಯಂತೆ, ದಯವಿಟ್ಟು ನನಗೆ ಬೇಡ' ಅಂತ ಕೈ ಮುಗಿದುಬಿಡಿ. ಇಲ್ಲದ ಹೆಸರು ತಾನಾಗೇ ತಲೇಲಿ ಕೂತ್ಕೊಳ್ಳುತ್ತೆ."

ಒಳಗಿನಿಂದ ಹೆಂಡತಿ ಕೂಗಿದರು: "ರೀ, ಅವನ ಮಾತು ಕಟ್ಕೊಂಡು ಹೊರಡಬೇಡಿ. ಅವನ ಮಾತು ಕೇಳಿ ಅವನೇ ಉದ್ಧಾರ ಆಗಿಲ್ಲ."

ವಕೀಲರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಮೊದಲು ಹೋದದ್ದು ಹಿರಿಯ ನ್ಯಾಯಾಧೀಶರ ಮನೆಗೆ. ಚರ್ಚಿನ ನ್ಯಾಯಾಲಯದಿಂದ ನಿವೃತ್ತರಾದ ಎಂಬತ್ತರ ಪಾದ್ರಿ. ಸಂಜೆ ಚುನಾವಣೆ ನಡೆಸುವವರು ಅವರೇ. ಹೂಕುಂಡಗಳಿಗೆ ನೀರು ಹಾಕುತ್ತಿದ್ದರು.

"ದಯವಿಟ್ಟು ನನಗೆ ಬೇಡ ಫಾದರ್," ಎಂದರು ವಕೀಲರು.

"ಕೇಳೋದಕ್ಕೆ ಮುಂಚೆನೇ ಬೇಡ ಅಂದ್ರೆ ಹೇಗ್ರೀ? ಅರ್ಧ ಲೋಟ ಕಾಫಿ ಕುಡೀರಿ."

"ಕಾಫಿ ಅಲ್ಲ ಫಾದರ್. ಅಧ್ಯಕ್ಷಗಿರಿ."

"ಯಾರು ಕೊಡ್ತಾ ಇದ್ದಾರೆ?"

ಈ ಪ್ರಶ್ನೆಗೆ ಭಾವಮೈದುನ ಉತ್ತರ ಕಲಿಸಿರಲಿಲ್ಲ. "ಅಲ್ಲ... ನನ್ನ ಹೆಸರು ಕೇಳಿಬರ್ತಿದೆಯಂತೆ..."

"ಹೌದಾ? ನನ್ನ ಕಿವಿಗೆ ಬೀಳಲಿಲ್ಲಪ್ಪ. ಎಲ್ಲರೂ ನಗುಮೊಗದ ಫಾದರ್ ಹೆಸರು ಹೇಳ್ತಿದ್ದಾರೆ. ಇರಲಿ, ನೀವು ಬೇಡ ಅಂದದ್ದು ಒಳ್ಳೇದೇ ಆಯ್ತು. ನೀವೇ ಆ ಕುರ್ಚೀಲಿ ಕೂತುಬಿಟ್ರೆ ಕುರ್ಚಿ ಹಾಕೋರು ಯಾರು?"

ಮುದುಕರು ಇದನ್ನು ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಅದು ಹೆಚ್ಚು ನೋಯಿಸಿತು. ನಗುಮೊಗದ ಫಾದರ್‌ಗೆ ಕಾನೂನು ಬರುತ್ತಿರಲಿಲ್ಲ, ನಗು ಬರುತ್ತಿತ್ತು. ಸಭೆಯಲ್ಲಿ ಯಾರು ಏನೇ ಅಂದರೂ ತಲೆಯಾಡಿಸಿ ಹಲ್ಲು ಬಿಡುವುದೇ ಅವರ ಪಾಂಡಿತ್ಯ. ಅಂಥವರ ಹೆಸರು ಎಲ್ಲರ ಬಾಯಲ್ಲಿ, ಹತ್ತೊಂಬತ್ತು ವರ್ಷ ಸವೆದವನದು ಯಾರ ಕಿವಿಗೂ ಬಿದ್ದಿಲ್ಲ. ವಕೀಲರು ಹಲ್ಲು ಕಚ್ಚಿಕೊಂಡು ಬೀದಿಗಿಳಿದರು.

ಕಾಲೇಜಿನಲ್ಲಿ ಸಿಸ್ಟರ್ ಉತ್ತರಪತ್ರಿಕೆ ತಿದ್ದುತ್ತಿದ್ದರು. ವಕೀಲರು ಕೈಮುಗಿದು ತಮ್ಮ 'ಬೇಡ'ವನ್ನು ಒಪ್ಪಿಸಿದರು.

"ಸರಿ," ಎಂದರು ಸಿಸ್ಟರ್. ಮುಂದಿನ ಪತ್ರಿಕೆ ಎತ್ತಿಕೊಂಡರು.

ವಕೀಲರು ಮೇಜಿನ ಹತ್ತಿರ ಸರಿದರು. "ಯಾಕೆ ಅಂತ ಕೇಳಲ್ವಾ ಸಿಸ್ಟರ್?"

"ಬೇಡ ಅಂದ್ರಲ್ಲ, ಮುಗೀತು. ನಾನು ನಿಮ್ಮ ಹೆಸರೇ ಬರೀಬೇಕು ಅಂತಿದ್ದೆ. ಇನ್ನು ಬರೆಯೋದಿಲ್ಲ."

ವಕೀಲರು ಅವಸರದಿಂದ ತಡೆದರು. "ಹಾಗಲ್ಲ... ನನಗೆ ಬೇಡ, ಅದು ಖಂಡಿತ. ಆದ್ರೆ ಹಿರಿಯರೆಲ್ಲ ಬಲವಂತ ಮಾಡಿದ್ರೆ ಮನುಷ್ಯ ಏನು ತಾನೇ ಮಾಡ್ತಾನೆ?"

"ಯಾರು ಬಲವಂತ ಮಾಡ್ತಿರೋದು? ಬಲವಂತದ ಒಪ್ಪಿಗೆ ಕಾನೂನಿನಲ್ಲಿ ನಿಲ್ಲೋದೇ ಇಲ್ಲ. ನೀವು ಬರೆದುಕೊಡಿ ವಕೀಲರೇ, ನಿಮ್ಮ ಪರವಾಗಿ ನಾನು ನಿಲ್ತೀನಿ." ಸಿಸ್ಟರ್ ಬಿಳಿ ಹಾಳೆ, ಪೆನ್ನು ಮುಂದೆ ಸರಿಸಿದರು. ಅವರ ಮುಖದಲ್ಲಿ ಇದ್ದದ್ದು ಶುದ್ಧ ಗೌರವ.

ಬರೆಯುವುದಿಲ್ಲ ಎಂದರೆ ಬೇಕು ಎಂದ ಹಾಗೆ. ಬೇಕು ಎಂದರೆ ಹದಿನಾಲ್ಕನೇ ಕಲಂ. 'ಅಧ್ಯಕ್ಷ ಸ್ಥಾನ ನನಗೆ ಬೇಡ' ಎಂದು ಬರೆದು ವಕೀಲರು ಸಹಿ ಹಾಕಿದರು. ತಾರೀಖು ಹಾಕಿದರು. ಹಾಳಾದ ಅಭ್ಯಾಸ, ಚೀಲದಿಂದ ಕಾರ್ಯದರ್ಶಿಯ ಮೊಹರು ತೆಗೆದು ಅದನ್ನೂ ಒತ್ತಿದರು.

ಮೂರನೆಯವನು ಪರಿಷತ್ತಿನ ಕಿರಿಯ ವಕೀಲ. ಅವನು ಜೆರಾಕ್ಸ್ ಅಂಗಡಿಯ ಮುಂದೆ ಸಿಕ್ಕಿದ. ಮಾತು ಮುಗಿಯುವ ಮೊದಲೇ ಕಣ್ಣು ಮಿಟುಕಿಸಿದ. "ಅರ್ಥ ಆಯ್ತು ಸಾರ್."

"ಏನು ಅರ್ಥ ಆಯ್ತು? ನನಗೆ ನಿಜವಾಗ್ಲೂ ಬೇಡ."

"ನಿಜವಾಗ್ಲೂ ಬೇಡ. ಭೇಷ್! ನೀವು ಹೀಗೇ ಬೇಡ ಅಂತಿರಿ ಸಾರ್. ನನ್ನ ಕಡೆ ಏಳು ಜನ ಇದ್ದಾರೆ, ಅವರಿಗೂ ಹೇಳ್ತೀನಿ." ಅಂಗಡಿಯವನಿಗೂ ಒಂದು ಸಲ ಕಣ್ಣು ಮಿಟುಕಿಸಿ ಹೊರಟುಹೋದ. ಎಂಟು ಮತ ಬಂತು ಎಂದು ಸಂತೋಷಪಡಬೇಕೋ, ಮರ್ಯಾದೆ ಹೋಯಿತು ಎಂದು ಅಳಬೇಕೋ ವಕೀಲರಿಗೆ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೀಗೆ ಹದಿಮೂರು ಜನರ ಮುಂದೆ ಬೇಡ ಎಂದು, ಬಾಯಿ ಒಣಗಿ, ಬಿಸಿಲಿನಲ್ಲಿ ಬರುತ್ತಿರುವಾಗ ಎದುರಿಗೇ ನಗುಮೊಗದ ಫಾದರ್. ವಕೀಲರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಎಲ್ಲರ ಹತ್ರಾನೂ ಬೇಡ ಅಂತಿದ್ದೀರಂತೆ. ಯಾಕೆ ವಕೀಲ್ರೇ, ಮೈ ಹುಷಾರಿಲ್ವಾ?"

ಏನಾದರೂ ಹೇಳಬೇಕಿತ್ತಲ್ಲ. "ಸ್ವಲ್ಪ ಆಯಾಸ ಫಾದರ್."

"ಪಾಪ, ಪಾಪ," ಎಂದು ಫಾದರ್ ನಗುತ್ತಲೇ ಮರುಗಿದರು.

ಆ ಆಯಾಸ ಬಾಯಿಂದ ಬಾಯಿಗೆ ಹೋಗಿ ಒಂದು ಗಂಟೆಗೆ ಎದೆನೋವಾಯಿತು, ಎರಡು ಗಂಟೆಗೆ ಆಪರೇಷನ್ ಆಯಿತು. ವಕೀಲರು ಮನೆಗೆ ಬಂದರೆ ಪರಿಷತ್ತಿನ ನಾಲ್ವರು ಸದಸ್ಯರು ಹಣ್ಣಿನ ಚೀಲ ಹಿಡಿದು ಸಾಲಾಗಿ ಕೂತಿದ್ದರು. ಹೆಂಡತಿಯ ಕಣ್ಣು ಕೆಂಪಾಗಿತ್ತು.

"ರೀ, ನಾಳೆ ಆಪರೇಷನ್ ಅಂತೆ. ಊರಿಗೆಲ್ಲ ಹೇಳಿದ್ದೀರಿ, ನನಗೆ ಹೇಳೋಕೆ ಬಾಯಿ ಬರಲಿಲ್ವಾ?"

"ನನಗೇನೂ ಆಗಿಲ್ಲ ಕಣೇ!"

"ಹೀಗೇ ಅಂತಾರೆ," ಎಂದರು ಒಬ್ಬ ಪಾದ್ರಿ, ಅನುಭವಸ್ಥರ ಹಾಗೆ. "ನಮ್ಮಣ್ಣನೂ ಹೀಗೇ ಅಂದಿದ್ದ." ಮತ್ತೊಬ್ಬರು ಎದ್ದು ವಕೀಲರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರುಮಾಡಿಯೇಬಿಟ್ಟರು. ಭಾವಮೈದುನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ: "ಸುಮ್ನೆ ಕೂತ್ಕೊಳ್ಳಿ ಭಾವ. ಅನುಕಂಪದ ಮತ!"

ಮೂರೂವರೆಗೆ ವಕೀಲರೇ ಹೋಗಿ ಸಭಾಂಗಣದ ಬೀಗ ತೆಗೆಯಬೇಕಾಯಿತು. ಸದಸ್ಯರು ಬಾಗಿಲಲ್ಲಿ ಗುಂಪಾಗಿ ನಿಂತು ಅವರ ಎದೆಯ ಬಗ್ಗೆ ಮರುಗುತ್ತಿದ್ದರು. ಮೂಲೆಯಲ್ಲಿ ಪೇರಿಸಿಟ್ಟ ಇಪ್ಪತ್ತಮೂರು ಕುರ್ಚಿಗಳನ್ನು ಅವರೊಬ್ಬರೇ ಎರಡೆರಡಾಗಿ ಎತ್ತಿ ತಂದು ಹಾಕಿದರು. ಸಾಯುವ ರೋಗಿ ಎಂದು ನಂಬಿದವರಲ್ಲೂ ಒಬ್ಬರೂ ಒಂದು ಕುರ್ಚಿ ಮುಟ್ಟಲಿಲ್ಲ. ಕಾರ್ಯದರ್ಶಿಗೆ ರೋಗ ಬರಬಹುದು, ರಜೆ ಬರುವುದಿಲ್ಲ.

ಚೀಟಿಗಳು ಪೆಟ್ಟಿಗೆಗೆ ಬಿದ್ದವು. ಹಿರಿಯ ನ್ಯಾಯಾಧೀಶರು ಒಂದೊಂದನ್ನೇ ಬಿಡಿಸಿ ಓದಿದರು. ನಗುಮೊಗದ ಫಾದರ್ ಹನ್ನೊಂದು. ಗಂಟಿನ ವಕೀಲರು ಹನ್ನೆರಡು. ಹನ್ನೆರಡರಲ್ಲಿ ಒಂದು ಯಾರದು ಎಂದು ಕೇಳಬಾರದು, ಮತದಾನ ಗುಪ್ತ.

ವಕೀಲರ ಕಣ್ಣು ತುಂಬಿ ಬಂತು. ಗೋಡೆ, ಫ್ಯಾನು, ಎದುರಿನ ಎತ್ತರದ ಕುರ್ಚಿ ಎಲ್ಲವೂ ಮಂಜಾದವು. ಭಾವಮೈದುನನ ಮೇಲೆ ಕೂಡ ಪ್ರೀತಿ ಉಕ್ಕಿತು ಎಂದರೆ ಆ ಗಳಿಗೆ ಎಂಥದ್ದೆಂದು ತಿಳಿದುಕೊಳ್ಳಬಹುದು.

"ಚುನಾಯಿತರಾಗಿದ್ದೀರಿ. ಒಪ್ಪಿಗೆಯೇ?" ಎಂದು ಕೇಳಿದರು ನ್ಯಾಯಾಧೀಶರು.

ವಕೀಲರು ಎದ್ದು ನಿಂತರು. ಅವರು ಬಾಯಿ ತೆರೆಯುವ ಮೊದಲೇ ಸಿಸ್ಟರ್ ಎದ್ದರು.

"ಒಂದು ನಿಮಿಷ. ಅವರನ್ನ ಹಿಂಸೆ ಮಾಡಬೇಡಿ. ಅವರಿಗೆ ಈ ಸ್ಥಾನ ಬೇಡ. ಬರೆದುಕೊಟ್ಟಿದ್ದಾರೆ, ಸಹಿ ಇದೆ, ಮೊಹರೂ ಇದೆ." ಪತ್ರವನ್ನು ಓದಿದರು. "ಮಾತು ಕೊಟ್ಟಿದ್ದೆ ವಕೀಲರೇ, ನಿಮ್ಮ ಪರವಾಗಿ ನಿಂತಿದ್ದೀನಿ."

ಸಭೆ ಗುಸುಗುಸು ಎಂದಿತು. ಆಗ ಕಿರಿಯ ವಕೀಲ, ತನ್ನ ಹಿರಿಯರನ್ನು ಉಳಿಸಲೇಬೇಕೆಂದು, ಕುರ್ಚಿಯ ಕೈ ಗುದ್ದಿ ಎದ್ದ.

"ಏನ್ ಸಿಸ್ಟರ್ ನೀವು! ಅದು ಬಾಯಿಮಾತಿಗೆ ಅಂದದ್ದು. ನನಗೂ ಹಾಗೇ ಅಂದ್ರು. ಬೇಡ ಅಂದ್ರೆ ಓಟು ಹಾಕಿ ಅಂತ ಅರ್ಥ. ಅರ್ಥ ಮಾಡ್ಕೊಂಡೇ ನಾವು ಎಂಟು ಜನ ಹಾಕಿದ್ದು!"

ಕಾಪಾಡಲು ಬಂದವನೇ ಕತ್ತು ಹಿಸುಕಿದ್ದ.

"ಅಂದ್ರೆ ಸುತ್ತಿಬಳಸಿ ಮತ ಕೇಳಿದ ಹಾಗಾಯ್ತಲ್ಲ?" ಎಂದರು ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಳ್ಳುತ್ತ. "ಹದಿನಾಲ್ಕನೇ ಕಲಂ ಏನು ಹೇಳುತ್ತೆ? ಕಾರ್ಯದರ್ಶಿಗಳು ಓದಲಿ."

ಕಾರ್ಯದರ್ಶಿಗಳು ಓದಿದರು. ತಮ್ಮದೇ ವಾಕ್ಯ, ತಮ್ಮದೇ ಬಾಯಿ.

"ಈಗ ಹೇಳಿ. ಬೇಡ ಅಂದದ್ದು ನಿಜವೋ, ಸುಳ್ಳೋ? ನಿಜವಾದ್ರೆ ನೀವಾಗೇ ಬಿಟ್ಟುಕೊಟ್ಟಿದ್ದೀರಿ. ಸುಳ್ಳಾದ್ರೆ ಅನರ್ಹರು."

ಅತ್ತ ದರಿ, ಇತ್ತ ಪುಲಿ. ಬಾಯಿ ಏನು ಹೇಳಿತೋ ಅದೇ ಮನಸ್ಸಿನಲ್ಲೂ ಇತ್ತೆಂದು ಕಾನೂನು ನಂಬಬೇಕು ಎಂದು ಇಪ್ಪತ್ತಾರು ವರ್ಷ ಕೋರ್ಟಿನಲ್ಲಿ ಕಿರುಚಿದವರು ಅವರು. ಎಷ್ಟೋ ಬಡಪಾಯಿ ಗಂಡಂದಿರನ್ನು, ಹೆಂಡಿರನ್ನು ಅದೇ ಮಾತಿನಿಂದ ಬಾಯಿ ಮುಚ್ಚಿಸಿ ಮನೆಗೆ ಕಳಿಸಿದ್ದರು. ಇಪ್ಪತ್ತೆರಡು ಜೊತೆ ಕಣ್ಣುಗಳು ಅವರನ್ನೇ ನೋಡುತ್ತಿದ್ದವು. ಹುದ್ದೆಯಂತೂ ಹೋಯಿತು, ಮಾನವಾದರೂ ಉಳಿಯಲಿ ಎನ್ನಿಸಿತು.

"ನಿಜ," ಎಂದರು ವಕೀಲರು.

"ನನಗೆ ಗೊತ್ತಿತ್ತು," ಎಂದರು ಸಿಸ್ಟರ್, ಹೆಮ್ಮೆಯಿಂದ.

ಎರಡನೆಯವರಾದ ನಗುಮೊಗದ ಫಾದರ್‌ಗೆ ಒಪ್ಪಿಗೆಯೇ ಎಂದು ಕೇಳಲಾಯಿತು. ಪ್ರಶ್ನೆ ಮುಗಿಯುವುದರೊಳಗೆ "ಒಪ್ಪಿಗೆ" ಎಂದು ಅವರು ಹೋಗಿ ಎತ್ತರದ ಕುರ್ಚಿಯಲ್ಲಿ ಕೂತೂ ಆಗಿತ್ತು. "ಮುಂದಿನದು, ಕಾರ್ಯದರ್ಶಿಯ ಆಯ್ಕೆ," ಎಂದರು.

ವಕೀಲರ ತಾಳ್ಮೆಯ ಕಟ್ಟೆ ಒಡೆಯಿತು. ಯಾರೂ ಬಾಯಿ ತೆರೆಯುವ ಮೊದಲು ಎದ್ದರು. "ನನಗೆ ಬೇಡ. ಹತ್ತೊಂಬತ್ತು ವರ್ಷ ಸಾಕಾಗಿದೆ. ಬೀಗದಕೈ ತಗೊಳ್ಳಿ. ಇನ್ನೊಂದು ಕುರ್ಚಿ ನಾನು ಎತ್ತಲ್ಲ. ಬೇಡ ಅಂದ್ರೆ ಬೇಡ!" ಆ ದಿನ ಅವರ ಬಾಯಿಂದ ಬಂದ 'ಬೇಡ'ಗಳಲ್ಲಿ ನಿಜವಾದದ್ದು ಅದೊಂದೇ.

ಹೊಸ ಅಧ್ಯಕ್ಷರು ಅವರನ್ನೇ ನೋಡಿದರು. ಮೆಲ್ಲಗೆ ನಕ್ಕರು. "ನಮ್ಮ ವಕೀಲ್ರ ಬಾಯಲ್ಲಿ ಬೇಡ ಅಂದ್ರೆ ಏನರ್ಥ ಅಂತ ಇನ್ನೂ ಯಾರಿಗಾದ್ರೂ ಗೊತ್ತಿಲ್ವಾ?"

ಸಭೆ ಹೋ ಎಂದು ನಕ್ಕಿತು. ಹಿರಿಯ ನ್ಯಾಯಾಧೀಶರು ಕೆಮ್ಮು ಬರುವವರೆಗೆ ನಕ್ಕರು. "ಬರೆದುಕೊಡ್ಲಾ?" ಎಂದು ವಕೀಲರು ಅಂಗಲಾಚಿದರು. ನಗು ಇಮ್ಮಡಿಯಾಯಿತು. "ಹದಿನಾಲ್ಕನೇ ಕಲಂ ಅಧ್ಯಕ್ಷ ಸ್ಥಾನಕ್ಕೆ ಮಾತ್ರ," ಎಂದು ಸಿಸ್ಟರ್ ಕಾನೂನು ಸ್ಪಷ್ಟಪಡಿಸಿದರು, "ಕಾರ್ಯದರ್ಶಿ ಎಷ್ಟು ಬೇಕಾದರೂ ಆಸೆಪಡಬಹುದು." ಇಪ್ಪತ್ತೆರಡು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಪರಿಷತ್ತಿನ ಇತಿಹಾಸದಲ್ಲಿ ಅಂಥ ಸರ್ವಾನುಮತ ಇನ್ನೊಂದಿಲ್ಲ.

ನಡಾವಳಿ ಪುಸ್ತಕ ವಕೀಲರ ಮುಂದೆಯೇ ತೆರೆದಿತ್ತು. ಬರೆಯುವವರು ಬೇರೆ ಯಾರೂ ಇರಲಿಲ್ಲ. 'ಕಾರ್ಯದರ್ಶಿಯ ಸ್ಥಾನಕ್ಕೆ ಪುನಃ ಆಯ್ಕೆಯಾದ ವಕೀಲರು ಒಪ್ಪಿಗೆ ಸೂಚಿಸಿದರು' ಎಂದು ಬರೆದರು. ಅಧ್ಯಕ್ಷರು ಬಗ್ಗಿ ನೋಡಿ, "ಸಂತೋಷದಿಂದ ಅಂತ ಸೇರಿಸಿ," ಎಂದರು. ಸೇರಿಸಿದರು.

"ಹಾಗೇ ನಂದೊಂದು ಸಣ್ಣ ಭಾಷಣ ಬರೆದುಬಿಡಿ ವಕೀಲ್ರೇ, ಈಗಲೇ ಓದಬೇಕು," ಎಂದರು ಅಧ್ಯಕ್ಷರು ದನಿ ತಗ್ಗಿಸಿ. "ಶುರುವಿನಲ್ಲೇ ಒಂದು ಮಾತು ಇರಲಿ: ಈ ಪದವಿ ನನಗೆ ಬೇಡವೇ ಬೇಡ ಅಂದಿದ್ದೆ, ಅಂತ."