ಕುರುಗೋಡಿನ ಶಾಸನವನ್ನು ನಾನು ಕಾಪಾಡಿದ್ದು

ನನಗೆ ಸಿಟ್ಟು ಬರುವುದು ತೀರಾ ಕಡಿಮೆ. ನಂಬಿಕೆ ಬಾರದಿದ್ದರೆ ಯಾರನ್ನಾದರೂ ಕೇಳಿ, ನನ್ನ ಹೆಂಡತಿ ಶಾಂತಾ ಒಬ್ಬಳನ್ನು ಬಿಟ್ಟು.

ಆ ಭಾನುವಾರ ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಸ್ಕೂಟರ್ ಏರಿ ಇಬ್ಬರೂ ಕುರುಗೋಡಿನ ಹಳೇ ಗುಡಿ ನೋಡಲು ಹೊರಟೆವು. ದೇವರಿಗೆ ಕೈಮುಗಿದು ಹೊರಬರುವವರೆಗೂ ನಾನು ಸಂತನಂತಿದ್ದೆ. ಆಮೇಲೆ ಸುತ್ತಲಿನ ಪಾಳು ಮಂಟಪಗಳ ಕಡೆ ನಡೆದೆವು. ಮೊದಲ ಕಂಬದ ಮೇಲೆ ಯಾರೋ ಬಾಣ ಚುಚ್ಚಿದ ಹೃದಯ ಕೆತ್ತಿದ್ದರು. ಎರಡನೆಯದರ ಮೇಲೆ ಗುಟ್ಕಾ ಉಗುಳು. ಮೂರನೆಯದರ ಬುಡದಲ್ಲಿ ಒಗ್ಗರಣಿ-ಮಿರ್ಚಿ ತಿಂದೆಸೆದ ಪೇಪರು!

"ಇಂಥವರನ್ನ ಇದೇ ಕಂಬಕ್ಕ ಕಟ್ಟಬೇಕು!" ಎಂದು ಗುಡುಗಿದೆ.

"ಬಿಸಿಲು ಏರೇತಿ, ಮನಿಗೆ ಹೋಗಾಣ ನಡೀರಿ" ಎಂದಳು ಶಾಂತಾ.

ಅಷ್ಟರಲ್ಲಿ ಕಂಡಿತು ಆ ಘೋರ ದೃಶ್ಯ! ಮಂಟಪದ ಹಿಂದೆ ಹಿರಿಯರೊಬ್ಬರು ಶಾಸನದ ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಅದರ ಮೇಲೆ ಕರಿ ಮಸಿ ಒತ್ತುತ್ತಿದ್ದರು. ಇತಿಹಾಸ ನನ್ನನ್ನೇ ಕೂಗಿ ಕರೆಯಿತು.

"ನಾಚ್ಕಿ ಆಗಂಗಿಲ್ಲೇನ್ರೀ ನಿಮಗ?" ಎಂದು ಅರಚುತ್ತ ಓಡಿದೆ.

"ಮುಟ್ಟಬ್ಯಾಡ್ರಿ, ಮುಟ್ಟಬ್ಯಾಡ್ರಿ!" ಎಂದು ಅವರು ಎದ್ದು ನಿಲ್ಲುವಷ್ಟರಲ್ಲಿ ಕಾಗದವನ್ನು ಪರ್ರನೆ ಹರಿದೆ.

ಅವರು ಹರಿದ ತುಂಡನ್ನೇ ನೋಡಿದರು. "ಬೆಳಿಗ್ಗಿಯಿಂದ ಕುಂತು ಅಕ್ಷರದ ಅಚ್ಚು ತಗಿಯಾಕತ್ತಿದ್ದೆ."

ಸಿರುಗುಪ್ಪದ ನಿವೃತ್ತ ಕನ್ನಡ ಮೇಷ್ಟ್ರಂತೆ, ಹೆಸರು ಖಾಸಿಂ ಸಾಹೇಬ್ ಅಂತೆ. ಅಕ್ಷರ ಸವೆದು ಹೋಗುವ ಮೊದಲೇ ಊರೂರಿನ ಶಾಸನಗಳ ಪ್ರತಿ ತೆಗೆದಿಡುತ್ತಾರಂತೆ. ಮಸಿ ಕಾಗದದ ಮೇಲಷ್ಟೇ ಇತ್ತು. ಹರಿದ ರಭಸಕ್ಕೆ ಈಗ ಕಲ್ಲಿನ ಮೇಲೂ ಮೆತ್ತಿತ್ತು. ನನ್ನ ಕೃಪೆ!

"ನೋಡಾಕ ಓದಿದವರಂಗ ಕಾಣ್ತೀರಿ. ಒಂದು ಮಾತು ಕೇಳಾಕ ಏನಾಗಿತ್ತು ನಿಮಗ?" ಮೇಷ್ಟ್ರು ಕೆಂಡವಾದರು. ನಾನು ಬಾಯಿ ತೆರೆಯುವ ಮೊದಲೇ ಶಾಂತಾ ಉತ್ತರ ಕೊಟ್ಟಳು.

"ನಮ್ಮ ಮನಿಯವ್ರು ಕೇಳಂಗಿಲ್ಲ ಸರ್. ಮನ್ಯಾಗೂ ಹಿಂಗ!"

ಮುಂದಿನ ಮೂರು ತಾಸು ನಾನು ಬೋರ್‌ವೆಲ್‌ನಿಂದ ನೀರು ಹೊತ್ತೆ. ಕಲ್ಲು ತೊಳೆದೆ. ಹೊಸ ಕಾಗದದ ಮೂಲೆ ಹಿಡಿದು ಉರಿಬಿಸಿಲಿನಲ್ಲಿ ನಿಂತೆ. ಉಸಿರು ಜೋರಾಗಿ ಬಿಟ್ಟರೂ ಮೇಷ್ಟ್ರು ಗದರುತ್ತಿದ್ದರು. ಅಂತೂ ಅಚ್ಚು ಚೆನ್ನಾಗಿ ಬಂತು. ಆಗ ಅವರು ತುಸು ತಣ್ಣಗಾಗಿ, ಕೊನೆಯ ಸಾಲಿನ ಮೇಲೆ ಬೆರಳಾಡಿಸಿದರು.

"ಈ ಶಾಸನ ಕೆಡಿಸಿದವಗ ಕಾಶಿಯೊಳಗ ಸಾವಿರ ಆಕಳು ಕೊಂದ ಪಾಪ ಬರ್ತೈತಿ ಅಂತ ಬರ್ದಾರ."

"ಕಾಗದ ಹರಿದರ ಎಷ್ಟು ಆಕಳು ಸರ್?" ಶಾಂತಾ ಕೇಳಿದಳು.

ಮೇಷ್ಟ್ರು ಮಸಿ ಮೆತ್ತಿದ ನನ್ನ ಮುಖ ನೋಡಿ, ಲೆಕ್ಕ ಹಾಕುವವರಂತೆ ಬೆರಳು ಮಡಚಿದರು.

"ನೀರು ಹೊತ್ತಾರಲ್ಲಮ್ಮ... ಒಂದು ಎಮ್ಮಿ ಕರ ಅಂತ ಹಿಡಿಯಾಣ."

ಕೈಮುಗಿದು ಒಪ್ಪಿಕೊಂಡೆ.