ಸ್ಕೂಬಾ ಪ್ರವಾಸದಲ್ಲಿ ಬಿಸಿನೀರನ್ನೂ ಮೀನಿನ ಸಾರನ್ನೂ ಬೇರೆಬೇರೆ ಇರಿಸುವ ಬಗ್ಗೆ

ತೇಲುಗುರುತು ಮತ್ತು ಲಂಗರು ಶಾಖೆ
ಅಟ್ಲಾಂಟಿಕ್ ದಂಡೆ, ಕೇಪ್

ಸಂಖ್ಯೆ: ತೇಲಂ/ಸ್ಕೂಬಾ/ಚಳಿ/ಸಾರು-2
ದಿನಾಂಕ: ಆಗ್ನೇಯ ಗಾಳಿ ಎದ್ದ ಮರುದಿನ

ಸುತ್ತೋಲೆ

ವಿಷಯ: ರೋಯ್‌ಕ್ಲಿಪ್ ಕೊಲ್ಲಿಗೆ ಸಿಬ್ಬಂದಿಯ ವಾರ್ಷಿಕ ಸ್ಕೂಬಾ ಪ್ರವಾಸ: ಪೂರ್ವಸಿದ್ಧತೆ, ಶಿಸ್ತು ಹಾಗೂ ಸಾರು ಕುರಿತು.

ಉಲ್ಲೇಖ:
1. ಕಳೆದ ಬೇಸಿಗೆಯ ಸಾರು ಪ್ರಕರಣ.
2. ಲೆಕ್ಕ ವಿಭಾಗದ ಕು. ಲವೋನಾ ಆರೆಂಡ್ಸೆ ಅವರು ಚಹಾ ವೇಳೆಯಲ್ಲಿ ನೀಡಿದ ಮೌಖಿಕ ಹೇಳಿಕೆ: “ನಾನಂತೂ ಬರಲ್ಲಪ್ಪ. ಆ ಸೀಲ್‌ಗಳ ಮುಖ ಹೆಂಗೆ ನೋಡ್ಲಿ?”
3. ಸದರಿ ಸೀಲ್‌ಗಳಿಂದ (ಕಡಲ ಪ್ರಾಣಿಗಳು; ಕಚೇರಿಯ ಮೊಹರುಗಳಲ್ಲ) ಇದುವರೆಗೆ ಯಾವುದೇ ಆಕ್ಷೇಪಣೆ ಸ್ವೀಕೃತವಾಗದಿರುವುದು.

* * *

ನೀರಿಗಿಳಿಯುವ ಮುನ್ನ, ಚಳಿ ತಡೆಯಲೆಂದು, ಜೊತೆಗಾರರು ಒಬ್ಬರ ರಬ್ಬರ್ ಸೂಟಿನ ಕೊರಳೊಳಗೆ ಇನ್ನೊಬ್ಬರು ಫ್ಲಾಸ್ಕಿನ ಬಿಸಿನೀರು ಸುರಿಯುವುದು ಈ ದಂಡೆಯಲ್ಲಿ ನಡೆದುಬಂದ ಪದ್ಧತಿಯಾಗಿರುತ್ತದೆ. ಉಲ್ಲೇಖ 1ರಂತೆ, ಕು. ಆರೆಂಡ್ಸೆ ಅವರು ಅವಸರದಲ್ಲಿ ಪಕ್ಕದ ಫ್ಲಾಸ್ಕನ್ನು ಎತ್ತಿ, ಸ್ನೂಕ್ ಮೀನಿನ ತಲೆಯ ಸಾರನ್ನು ಈ ಸುತ್ತೋಲೆಯ ಕೆಳಸಹಿದಾರರ ಸೂಟಿನೊಳಗೆ ಸುರಿದಿದ್ದು, ಕೊಲ್ಲಿಯ ಸಮಸ್ತ ಸೀಲ್‌ಗಳು ವಾಸನೆ ಹಿಡಿದು ಬಂದು ಕೆಳಸಹಿದಾರರನ್ನು ದಡದವರೆಗೆ ಬೀಳ್ಕೊಟ್ಟಿರುತ್ತವೆ. ಅಂದಿನಿಂದ ಸಹೋದ್ಯೋಗಿಗಳು ಕು. ಆರೆಂಡ್ಸೆ ಅವರನ್ನು ಚುಡಾಯಿಸುತ್ತಿದ್ದು, ಅವರು ಈ ಸಲ ಹೆಸರು ಹಿಂಪಡೆದಿರುತ್ತಾರೆ. ಇದನ್ನು ಶಾಖೆಯು, ಅದರಲ್ಲೂ ಕೆಳಸಹಿದಾರರು, ಊಟ ಸೇರದಷ್ಟು ಗಂಭೀರವಾಗಿ ಪರಿಗಣಿಸಿದ್ದು, ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಪ್ರವಾಸದ ದಿನವನ್ನು ಗಾಳಿಯೊಂದಿಗೆ ಸಮಾಲೋಚಿಸಿ ನಿಗದಿಪಡಿಸಲಾಗುವುದು. ಆಗ್ನೇಯ ಗಾಳಿ ಬೀಸಿದರೆ ನೀರು ತಿಳಿಯಾಗುತ್ತದೆ. ಜೊತೆಗೆ ಹಲ್ಲು ಕಟಕಟಿಸುವಷ್ಟು ತಣ್ಣಗೂ ಆಗುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಕೋರುವ ಅರ್ಜಿಗಳನ್ನು ತಿರಸ್ಕರಿಸಲಾಗುವುದು.

2. ಯಾವುದೇ ದ್ರವವನ್ನು ಸೂಟಿಗೆ ಸುರಿಯುವ ಮುನ್ನ ಸುರಿಯುವವರೂ ಸುರಿಸಿಕೊಳ್ಳುವವರೂ ರುಚಿ ನೋಡತಕ್ಕದ್ದು. ಇಬ್ಬರಿಗೂ ಉಪ್ಪು ಹದವಾಗಿದೆ ಎನಿಸಿದಲ್ಲಿ ಸುರಿಯತಕ್ಕದ್ದಲ್ಲ.

3. ಮೊದಲು ನೀರಿಗೆ ಬಿದ್ದವರು ದಡದಲ್ಲಿರುವವರಿಗೆ ಸುಳ್ಳು ಹೇಳುವುದು ವಾಡಿಕೆ. ದೋಣಿ ನಡೆಸುವ ಸಾಲಿ ಮಾವ ಕಳೆದ ಸಲ ತುಟಿ ನೀಲಿಯಾಗಿದ್ದರೂ “ಬರ್ರೋ, ಬರ್ರೋ, ಬಚ್ಚಲ ಹಂಡೆ ಇದ್ದಂಗಿದೆ” ಎಂದು ಕರೆದಿರುತ್ತಾರೆ. ಸದರಿ ಸುಳ್ಳನ್ನು ಈ ವರ್ಷವೂ ನಂಬತಕ್ಕದ್ದು.

4. ಚಳಿಗೆ ಸೂಟಿನೊಳಗೆ ಪ್ರತಿಯೊಬ್ಬರೂ ಮಾಡುವ, ಆದರೆ ಯಾರೂ ಒಪ್ಪಿಕೊಳ್ಳದ ಆ ಕಾರ್ಯಕ್ಕೆ ಪೂರ್ವಾನುಮತಿಯ ಅಗತ್ಯವಿರುವುದಿಲ್ಲ. ನಿರ್ದೇಶಕರಾದ ಶ್ರೀ ಬಾಸನ್ ಅವರು “ನಾನು ಒಂದ್ಸಲಾನೂ ಮಾಡಿಲ್ಲ, ದೇವ್ರಾಣೆ” ಎಂದು ತಿಳಿಸಿದ್ದು, ಅವರ ಸೂಟನ್ನು ಯಾರೂ ಎರವಲು ಕೇಳತಕ್ಕದ್ದಲ್ಲ.

5. ಕೆಲ್ಪ್ ಪಾಚಿಯ ಕಾಡಿನಲ್ಲಿ ಕಾಲು ಸಿಕ್ಕಿಕೊಂಡವರು ಒದ್ದಾಡದೆ, ನಿರ್ದೇಶಕರ ಮೇಜಿನ ಮೇಲಿರುವ ಕಡತದಂತೆ ನಿಶ್ಚಲರಾಗಿ, ಜೊತೆಗಾರರು ಬಂದು ಬಿಡಿಸುವವರೆಗೆ ಕಾಯತಕ್ಕದ್ದು.

6. ಸೀಲ್‌ಗಳು ಕಾಲಿಗೆ ತೊಟ್ಟ ಈಜುರೆಕ್ಕೆಯನ್ನು ಕಚ್ಚಿ ಎಳೆದಲ್ಲಿ ಅದನ್ನು ಆಟವೆಂದೇ ಭಾವಿಸತಕ್ಕದ್ದು. ಸೀಲ್‌ಗಳಿಗೆ ಮೇಲಧಿಕಾರಿಗಳ ಹೆಸರಿಡುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ಹೆಸರು ಪಡೆದಿರುವ ಬಾಸನ್ ಎಂಬ ಸೀಲ್‌ಗೆ ಮಾತ್ರ ವಿನಾಯಿತಿ ಇರುತ್ತದೆ, ಏಕೆಂದರೆ ಅದು ಕರೆದರೆ ಬರುತ್ತದೆ.

7. ಕು. ಆರೆಂಡ್ಸೆ ಅವರನ್ನು “ಸಾರಕ್ಕ” ಎಂದು ಕರೆಯುವವರು, ಮಧ್ಯಾಹ್ನ ಕೆಂಡದ ಮೇಲೆ ಮೀನು ಸುಡುವಾಗ ಇಕ್ಕಳವನ್ನು ಮುಟ್ಟುವ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ಶಿಕ್ಷೆ ಈ ದಂಡೆಯಲ್ಲಿ ಇರುವುದಿಲ್ಲ.

8. ಒಂಟಿಯಾಗಿ ಮುಳುಗತಕ್ಕದ್ದಲ್ಲ. ಜೋಡಿಗಳನ್ನು ಸೇವಾ ಜ್ಯೇಷ್ಠತೆಯಂತೆ ನಿಗದಿಪಡಿಸಲಾಗುವುದು. ಆದರೆ ಆಡಳಿತಾತ್ಮಕ ಕಾರಣಗಳಿಗಾಗಿ ಕೆಳಸಹಿದಾರರಿಗೆ ಕು. ಆರೆಂಡ್ಸೆ ಅವರನ್ನು ಜೊತೆ ಮಾಡಲು ಉದ್ದೇಶಿಸಲಾಗಿದೆ. ಸದರಿ ಆಡಳಿತಾತ್ಮಕ ಕಾರಣವೆಂದರೆ, ಅವರು ಪಕ್ಕದಲ್ಲಿದ್ದರೆ ಕೆಳಸಹಿದಾರರಿಗೆ ಸಂತೋಷವಾಗುತ್ತದೆ.

9. ಕು. ಆರೆಂಡ್ಸೆ ಅವರು ಬಾರದಿದ್ದಲ್ಲಿ ಕೆಳಸಹಿದಾರರು ದಡದ ಬಂಡೆಯ ಮೇಲೆ ಎಲ್ಲರ ಟವೆಲ್‌ಗಳನ್ನು ಹಿಡಿದು ಕೂರತಕ್ಕದ್ದು. ಅವರನ್ನು ಯಾರೂ ಸಮಾಧಾನಪಡಿಸತಕ್ಕದ್ದಲ್ಲ. ಹಿಂದೆ ಪ್ರಯತ್ನಿಸಿದವರಿಗೆ ಪೂರ್ತಿ ಕಥೆ ಕೇಳಬೇಕಾಗಿ ಬಂದಿರುತ್ತದೆ.

ಸಹಿ/-
(ಡೆಲ್ರಾಯ್ ಯಾಫ್ತಾ)
ಪ್ರಭಾರ ಅಧೀಕ್ಷಕರು

ಪ್ರತಿಗಳು:

1. ನಿರ್ದೇಶಕರಿಗೆ: 4ನೇ ಖಂಡವನ್ನು ಬಿಟ್ಟು ಓದಿಕೊಳ್ಳುವ ಕೋರಿಕೆಯೊಂದಿಗೆ.

2. ಸಾಲಿ ಮಾವನಿಗೆ: ಕೈಯಲ್ಲಿ ಹುಟ್ಟು ಇಲ್ಲದ ಸಮಯ ನೋಡಿ ಓದಿ ಹೇಳುವುದು.

3. ಸೂಚನಾ ಫಲಕಕ್ಕೆ.

4. ಕು. ಲವೋನಾ ಆರೆಂಡ್ಸೆ ಅವರಿಗೆ, ಖುದ್ದಾಗಿ. ಈ ಪ್ರತಿಯು ಕೆಳಕಂಡ ಷರಾದೊಂದಿಗೆ ತಕ್ಷಣವೇ ಹಿಂದಿರುಗಿರುತ್ತದೆ: “ಡೆಲ್ರಾಯ್, ಪಕ್ಕದ ಮೇಜಲ್ಲೇ ಕೂತಿದೀನಲ್ಲ, ಬಾಯಿ ಬಿಟ್ಟು ಕೇಳೋಕೇನಾಗಿತ್ತು? ಬರ್ತೀನಿ.”

5. ಕಚೇರಿ ಪ್ರತಿ: ಕೆಳಸಹಿದಾರರು ಸದ್ಯ ತಮ್ಮ ಕುರ್ಚಿಯಲ್ಲಿ ಲಭ್ಯರಿರುವುದಿಲ್ಲ.