ಚಕ್ರದ ಮನೆಗೆ ನಾಲ್ಕು ಕಿಟಕಿ

ಹುಣಸೂರಿನಲ್ಲಿ ಕಿಟಕಿ ಮಾಡುವವರಿಗೇನೂ ಬರವಿಲ್ಲ. ಆದರೂ ನಮ್ಮ ಸೋದರಮಾವ ತಮ್ಮ ಕಿಟಕಿಗಳನ್ನು ತಾವೇ ಮಾಡಿದರು. ಕೆಲಸ ಗೊತ್ತಿರುವವರೇ ಕೆಲಸ ಕೆಡಿಸುವುದು ಎಂಬುದು ಅವರ ಸಿದ್ಧಾಂತ. ಆ ಭಯ ಅವರ ಬಗ್ಗೆ ಯಾರಿಗೂ ಇರಲಿಲ್ಲ!

ಕಿಟಕಿ ಬೇಕಾಗಿದ್ದು ಮನೆಗಲ್ಲ. ಕೊಡಗಿನ ಯಾವುದೋ ಕಾಫಿ ತೋಟದಲ್ಲಿ ಕೋಳಿಗಳು ಸಂಸಾರ ಹೂಡಿದ್ದ ಹಳೆಯ ಕ್ಯಾರವಾನನ್ನು, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆಯನ್ನು, ಮಾವ ಕೊಂಡು ತಂದಿದ್ದರು. ಒಳಗೊಂದು ಮಂಚವಿತ್ತು. ಕಿಟಕಿಗಳಿದ್ದ ಕಡೆ ಬರೀ ತೂತು. ಬೆನ್ನುಮೂಳೆ ಕೆಟ್ಟು ಎರಡು ವರ್ಷದಿಂದ ಕೂರಲೂ ಆಗದ ಅತ್ತೆ ಮಲಗಿದಲ್ಲಿಂದಲೇ, "ಕೋಳಿಗಳ್ನ ಯಾಕ್ ಬುಟ್ಬಂದ್ರಿ? ಅವ್ಕಾದ್ರೂ ಬುದ್ಧಿ ಇತ್ತು," ಎಂದರು.

ಮಾವ ಫ್ರಿಜ್ಜಿನ ರಟ್ಟಿನಲ್ಲಿ ಅಳತೆ ತೆಗೆದರು. ದುಂಡು ಮೂಲೆಗಳಿಗೆ ಊಟದ ತಟ್ಟೆಯಿಟ್ಟು ಗೆರೆ ಎಳೆದರು. ಗಾಜಿನಂಥ ಪ್ಲಾಸ್ಟಿಕ್ ಹಾಳೆಯನ್ನು ಕೊಯ್ದು ತೂತಿಗೆ ಹಿಡಿದರೆ, ಅದು ಸೀದಾ ಒಳಗೆ ಬಿತ್ತು. ಮಾವ ಕಂಗೆಡಲಿಲ್ಲ.

"ಅಳತೆ ಸರ್ಯಾಗೇ ಐತೆ ಕಣೋ. ತೂತೇ ದೊಡ್ಡದು."

ಮುಂದಿನ ಸಲ ಅಲ್ಯೂಮಿನಿಯಂ ಚೌಕಟ್ಟು ಬಂತು, ಸುತ್ತ ರಬ್ಬರ್ ಬಂತು. ಮಳೆ ತಡೆಯುತ್ತದೋ ಇಲ್ಲವೋ ಎಂದು ನೋಡಬೇಕಲ್ಲ? ನನ್ನನ್ನು ಒಳಗೆ ಕೂರಿಸಿ, ಹೊರಗಿನಿಂದ ಪೈಪು ಹಿಡಿದರು. ರಬ್ಬರು ತಿರುವುಮುರುವಾಗಿತ್ತು. ನೀರು ಧಾರಾಳವಾಗಿ ಒಳಬಂತು, ಒಂದು ಹನಿಯೂ ಹೊರಹೋಗಲಿಲ್ಲ. ಪಾದ ಮುಳುಗಿಸಿಕೊಂಡು ನಿಂತ ನನಗೆ ಮಾವ, ಎಷ್ಟು ಬಿಗಿಯಾಗಿದೆ ನೋಡು ಎಂದು ಹೆಮ್ಮೆಪಟ್ಟರು.

ಅಂತೂ ಮಳೆಗಾಲ ಮುಗಿಯುವಷ್ಟರಲ್ಲಿ ಮಳೆ ತಡೆಯುವ ಕಿಟಕಿಗಳು ಸಿದ್ಧವಾದವು! ಮಾವ ಗೋವಾಕ್ಕೆ ಹೊರಟಿದ್ದಾರೆ ಎಂದು ಬೀದಿಯವರೆಲ್ಲ ನಂಬಿದ್ದರು. ಮಾವ ಅತ್ತೆಯನ್ನು ಮಂಚದ ಮೇಲೆ ಮಲಗಿಸಿ, ಬಾಡಿಗೆ ಟ್ರ್ಯಾಕ್ಟರಿಗೆ ಗಾಡಿ ಕಟ್ಟಿಸಿ, ನನ್ನನ್ನೂ ಹತ್ತಿಸಿಕೊಂಡು ಭೇರ್ಯದ ದಾರಿ ಹಿಡಿದರು. ಸೈಕಲ್ಲುಗಳು ನಮ್ಮನ್ನು ಹಿಂದೆ ಹಾಕಿ ಹೋದವು.

ಭೇರ್ಯದಲ್ಲಿ ಅತ್ತೆಯ ಅಕ್ಕನ ಮನೆ. ಅತ್ತೆ ಹಾಸಿಗೆ ಹಿಡಿದ ಮೇಲೆ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅಕ್ಕ ಕೋಲೂರಿಕೊಂಡು ಬೀದಿಗೆ ಬಂದರು. ಅವರಿಗೆ ಗಾಡಿ ಹತ್ತಲಾಗದು, ಅತ್ತೆಗೆ ಇಳಿಯಲಾಗದು. ಮಾವ ಮಂಚದ ಪಕ್ಕದ ಕಿಟಕಿಯನ್ನು ಮೇಲಕ್ಕೆತ್ತಿ ಹಿಡಿದರು. ಅಕ್ಕ ಕೋಲನ್ನು ನನ್ನ ಕೈಗೆ ಕೊಟ್ಟು, ಕಿಟಕಿಯೊಳಗೆ ಎರಡೂ ಕೈ ಚಾಚಿ ತಂಗಿಯ ಮುಖ ಸವರಿದರು.

"ಸೊರಗೋಗಿದ್ದೀಯಲ್ಲೇ."

ಅತ್ತೆ ಅಕ್ಕನ ಅಂಗೈಯಲ್ಲಿ ಕೆನ್ನೆಯಿಟ್ಟು ಕಣ್ಣು ಮುಚ್ಚಿಕೊಂಡರು. ಮಾವ ಕಿಟಕಿಯನ್ನು ಎತ್ತಿ ಹಿಡಿದೇ ನಿಂತಿದ್ದರು. ನಾನು ಹಿಡಿಯಲು ಹೋದರೆ, ಬೇಡವೆಂದು ತಲೆಯಾಡಿಸಿದರು.